ಬರೀ ಸತ್ತವರೇ ಇರುವ ಕ್ಯಾಲೆಂಡರ್: ವರ್ಷವಿಡೀ ಹರಿದು ನೋಡಿದ ಮೇಲೆ

ಕಳೆದ ವರ್ಷ ಡಿಸೆಂಬರಿನಲ್ಲಿ ಕನ್ನಡಕದ ಗಾಜು ಬದಲಿಸಲೆಂದು ಗದಗಿನಿಂದ ಹುಬ್ಬಳ್ಳಿಗೆ ಹೋಗಿದ್ದೆ. ಗಾಜು ಕೂರಿಸಿ ಕೊಡಲು ಎರಡು ತಾಸು ಬೇಕೆಂದರು. ಕಣ್ಣು ಸರಿಯಾಗಿ ಕಾಣದ ಆ ಎರಡು ತಾಸನ್ನು ದುರ್ಗದಬೈಲಿನ ಸುತ್ತಮುತ್ತ ಕಳೆಯುತ್ತಿದ್ದಾಗ ಒಂದು ಸ್ಟೇಷನರಿ ಅಂಗಡಿಯ ಬಾಗಿಲಲ್ಲಿ ಇದು ತೂಗುತ್ತಿತ್ತು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್. ತಾರೀಖಿನ ಅಂಕಿ ಮಾತ್ರ ಕನ್ನಡಕವಿಲ್ಲದೆ ಕಾಣುವಷ್ಟು ದಪ್ಪ. ಕೆಳಗಿನ ಸಣ್ಣ ಸಾಲುಗಳನ್ನು ಅಂಗಡಿಯ ಹುಡುಗನಿಂದ ಓದಿಸಿದೆ. ಪ್ರತಿ ಹಾಳೆಯಲ್ಲಿಯೂ ಆ ತಾರೀಖಿಗೆ ತೀರಿಕೊಂಡ ಪ್ರಸಿದ್ಧರ ಹೆಸರು, ಇಸವಿ, ಒಂದೆರಡು ಸಾಲಿನ ಪರಿಚಯ. ಹುಟ್ಟಿದವರ ಸುದ್ದಿಯೇ ಇಲ್ಲ. ಬೆಲೆ 240 ರೂಪಾಯಿ.

"ಸರ್, ಇದರಲ್ಲಿ ಬರೀ ಸತ್ತವರೇ ಇದ್ದಾರೆ, ಹೊಸ ವರ್ಷಕ್ಕೆ ಮನೆಗೆ ಒಯ್ಯುತ್ತೀರಾ?" ಎಂದು ಅಂಗಡಿಯ ಯಜಮಾನರೇ ಕೇಳಿದರು. ಅಲ್ಲಿಯವರೆಗೆ ಒಂದೂ ಮಾರಾಟವಾಗಿರಲಿಲ್ಲವೆಂದು ತೋರುತ್ತದೆ. ನಾನು ಚೌಕಾಸಿಗೆ ಇಳಿಯುವ ಮೊದಲೇ 20 ರೂಪಾಯಿ ಇಳಿಸಿದರು.

ನಾನು ಗಣಿತದ ಮಾಸ್ತರ. ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಶಾಲೆಯಲ್ಲಿದ್ದಾಗ ಪ್ರಾರ್ಥನೆಗೆ ಮೊದಲು ಕರಿಹಲಗೆಯ ಮೇಲೆ 'ಇಂದಿನ ವಿಶೇಷ' ಬರೆಯುವ ಕೆಲಸ ನನ್ನದಾಗಿತ್ತು. ಇತಿಹಾಸದ ಮಾಸ್ತರರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ, ನನ್ನದು ದುಂಡಗಿತ್ತು. ಹಾಗಾಗಿ ಯಾರು ಯಾವ ತಾರೀಖಿಗೆ ಹೋದರು ಎಂಬುದು ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಇಂಥವನ ಕೈಗೆ ಇಂಥ ಕ್ಯಾಲೆಂಡರ್ ಸಿಕ್ಕರೆ ಸುಮ್ಮನೆ ಹರಿದು ಎಸೆಯುತ್ತಾನೆಯೇ? ಒಂದು ನೋಟ್‌ಬುಕ್ ಇಟ್ಟು ತಪ್ಪು ಒಪ್ಪು ಬರೆದುಕೊಂಡೆ. ಇವತ್ತು ಡಿಸೆಂಬರ್ 27, ಮೊಳೆಯಲ್ಲಿ ಇನ್ನು ನಾಲ್ಕೇ ಹಾಳೆ ಉಳಿದಿವೆ. ಪ್ರಕಾಶಕರ ಹೆಸರು ಹೇಳುವುದಿಲ್ಲ. ಅವರು ಮಾಡಿರುವ ಕೆಲಸ ಒಳ್ಳೆಯದು, ಮಾಡಿರುವ ತಪ್ಪುಗಳೂ ಒಳ್ಳೆಯವೇ.

ಮೊದಲು ವಸ್ತುವಿನ ಗುಣ. ಮುದ್ರಣ ಕಾಶಿ ಎನಿಸಿಕೊಂಡ ಊರಿನವನು ನಾನು, ಅಚ್ಚಿನ ಕೆಲಸ ಕಂಡರೆ ಬೆರಳಿನಿಂದ ತಿಕ್ಕಿ ನೋಡದೆ ಇರಲಾರೆ. ತಿಕ್ಕಿದರೆ ಮಸಿ ಬೆರಳಿಗೆ ಬರುತ್ತದೆ. ಕಾಗದ ಸುದ್ದಿಪತ್ರಿಕೆಯದಕ್ಕಿಂತ ಸ್ವಲ್ಪ ದಪ್ಪ. ಹಿಂದಿನ ರಟ್ಟು ಗಟ್ಟಿಯಾಗಿದೆ, ಮೇಲಿನ ತಗಡಿನ ಪಟ್ಟಿ ಮಾತ್ರ ಮಾರ್ಚ್ ಹೊತ್ತಿಗೆ ಸಡಿಲವಾಗಿ ಒಂದು ಹಾಳೆ ಹರಿದರೆ ಮೂರು ಕೈಗೆ ಬರತೊಡಗಿದವು. ಎರಡು ಪೇಪರ್ ಕ್ಲಿಪ್ ಹಾಕಿದ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ಹಾಳೆಗಳು ಹಪ್ಪಳದಂತೆ ಉಬ್ಬಿದವು. ಅಕ್ಟೋಬರ್ 15ರ ಹಾಳೆ ಎರಡು ಬಂದಿದ್ದವು, 16ರದು ಇರಲೇ ಇಲ್ಲ. ಅಕ್ಟೋಬರ್ 16ಕ್ಕೆ ಹೋದವರಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಇದ್ದಾಳೆ, ಪಾಕಿಸ್ತಾನದ ಮೊದಲ ಪ್ರಧಾನಿ ಲಿಯಾಖತ್ ಅಲಿ ಖಾನ್ ಇದ್ದಾರೆ. ಒಬ್ಬಳ ತಲೆ 1793ರಲ್ಲಿ ಹೋಯಿತು, ಇನ್ನೊಬ್ಬರು 1951ರಲ್ಲಿ ಗುಂಡಿಗೆ ಬಲಿಯಾದರು. ನಮ್ಮ ಮನೆಯ ಮಟ್ಟಿಗೆ ಇಬ್ಬರೂ ಪಾರಾದರು.

ಈ ಕ್ಯಾಲೆಂಡರಿನಲ್ಲಿ ನನಗೆ ಬಹಳ ಹಿಡಿಸಿದ್ದು ಹೆಸರುಗಳ ಕೆಳಗೆ ಬಿಟ್ಟಿರುವ ಎರಡು ಬೆರಳಗಲದ ಖಾಲಿ ಜಾಗ. ಯಾವ ಉದ್ದೇಶಕ್ಕೆ ಬಿಟ್ಟರೋ, ನನ್ನ ಹೆಂಡತಿ ಮಾತ್ರ ಜನವರಿ 2ಕ್ಕೇ ಅದನ್ನು ಹಾಲಿನ ಲೆಕ್ಕಕ್ಕೆ ವಶಪಡಿಸಿಕೊಂಡಳು. ಜನವರಿ 24ರ ಹಾಳೆ ನನ್ನ ನೋಟ್‌ಬುಕ್ಕಿನೊಳಗೆ ಈಗಲೂ ಇದೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಹೀಗಿದೆ: 1965, ವಿನ್‌ಸ್ಟನ್ ಚರ್ಚಿಲ್. 1966, ಹೋಮಿ ಭಾಭಾ, ಮಾಂಟ್ ಬ್ಲಾಂಕ್ ಪರ್ವತದಲ್ಲಿ ವಿಮಾನ ಅಪಘಾತ. 2011, ಪಂಡಿತ್ ಭೀಮಸೇನ ಜೋಶಿ, ಪುಣೆ. ಅದರ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ: ಅರ್ಧ ಲೀಟರ್ ಕಡಿಮೆ.

ಆ ದಿನ ನಾನು ಈ ಕ್ಯಾಲೆಂಡರಿಗೆ ಸೋತೆ. ಚರ್ಚಿಲ್ಲರ ಬಗ್ಗೆ ಗೊತ್ತಿತ್ತು, ಭಾಭಾ ಬಗ್ಗೆ ಗೊತ್ತಿತ್ತು, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಓಡಿಹೋದ ನಮ್ಮ ಗದಗಿನ ಹುಡುಗನ ಬಗ್ಗೆ ಕೇಳುವುದೇ ಬೇಡ. ಆದರೆ ಮೂವರನ್ನೂ ಒಂದು ಅಂಗೈ ಅಗಲದ ಕಾಗದದ ಮೇಲೆ ಒಟ್ಟಿಗೆ ಕೂರಿಸಿ ನೋಡಿರಲಿಲ್ಲ. ಭಾರತವನ್ನು ಬಿಟ್ಟುಕೊಡಲು ಒಪ್ಪದ ಮುದುಕ, ಆ ಭಾರತಕ್ಕೆ ಅಣುವಿಜ್ಞಾನ ತಂದವರು, ಅದಕ್ಕೆ ಮುಂಜಾನೆಯ ತೋಡಿ ಹಾಡಿದವರು. ಕರಿಹಲಗೆಯ ಮೇಲೆ ಇಷ್ಟು ವರ್ಷ ನಾನು ಒಂದು ದಿನಕ್ಕೆ ಒಬ್ಬರನ್ನೇ ಬರೆಯುತ್ತಿದ್ದೆ.

ಅದಕ್ಕೆ ಮೂರು ದಿನ ಮೊದಲಿನ ಹಾಳೆಯೂ ಕಡಿಮೆಯದಲ್ಲ. ಜನವರಿ 21: ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ, 1793. ಲೆನಿನ್, 1924. ರಾಸ್‌ ಬಿಹಾರಿ ಬೋಸ್, 1945. ಜಾರ್ಜ್ ಆರ್ವೆಲ್, 1950. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, 2019. ಪಕ್ಕದ ಮನೆಯ ಅಜ್ಜಿ ಮೊಸರಿಗೆ ಹೆಪ್ಪು ಕೇಳಲು ಬಂದವರು ಸ್ವಾಮಿಗಳ ಹೆಸರು ಕಂಡು ಹಾಳೆಗೆ ಕೈಮುಗಿದರು. ಆ ನಮಸ್ಕಾರದಲ್ಲಿ ಲೆನಿನ್ನನಿಗೂ ಪಾಲು ಹೋಯಿತು. ಅಜ್ಜಿಗೆ ನಾನು ಹೇಳಲಿಲ್ಲ.

ಜನವರಿ 30ಕ್ಕೆ ಮನೆಯಲ್ಲಿ ಒಂದು ಸಣ್ಣ ತಕರಾರು. ಹರಿದ ಹಾಳೆಗಳಲ್ಲಿ ನನ್ನ ಹೆಂಡತಿ ಅಡಿಕೆ ಪುಡಿ ಕಟ್ಟಿಡುತ್ತಾಳೆ. ಅಂದು "ಗಾಂಧಿಯವರ ಹಾಳೆಯಲ್ಲಿ ಅಡಿಕೆ ಕಟ್ಟುವುದು ಹೇಗೆ ರೀ, ನೀವೇ ಎಲ್ಲಾದರೂ ಇಟ್ಟುಕೊಳ್ಳಿ" ಎಂದಳು. ಇಟ್ಟುಕೊಂಡೆ. ಇಟ್ಟುಕೊಳ್ಳುವ ಮೊದಲು ಆ ಖಾಲಿ ಜಾಗದಲ್ಲಿ ಒಂದು ಹೆಸರು ಸೇರಿಸಿದೆ: ಆರ್ವಿಲ್ ರೈಟ್. ವಿಮಾನ ಹಾರಿಸಿದ ಅಣ್ಣತಮ್ಮಂದಿರಲ್ಲಿ ತಮ್ಮ. ಗಾಂಧೀಜಿ ಹೋದ ದಿನವೇ, ಅದೇ 1948ರಲ್ಲಿ ಹೋದವರು. ಅಂದಿನ ಪತ್ರಿಕೆಗಳಲ್ಲಿ ಆ ಸುದ್ದಿಗೆ ಜಾಗವೆಲ್ಲಿತ್ತು? ಈ ಕ್ಯಾಲೆಂಡರಿನಲ್ಲೂ ಸಿಕ್ಕಿರಲಿಲ್ಲ.

ಇನ್ನು ಬೈಯಬೇಕಾದ ಸಂಗತಿಗೆ ಬರುತ್ತೇನೆ. ಕೆಲವು ಹಾಳೆಗಳಲ್ಲಿ ಕೆಂಪು ಚೌಕ ಹಾಕಿ 'ವಿಧಿಯ ವಿಚಿತ್ರ!' ಎಂದು ಅಚ್ಚು ಮಾಡಿದ್ದಾರೆ. ಒಂದೇ ದಿನ ಇಬ್ಬರು ದೊಡ್ಡವರು ಹೋದರೆ ಅದು ವಿಧಿಯ ವಿಚಿತ್ರವಂತೆ. ಇದು ಗಣಿತದವನ ಹೊಟ್ಟೆಗೆ ಉರಿ ಹಚ್ಚುವ ಮಾತು. ಲೆಕ್ಕ ನೋಡಿ: ಇಪ್ಪತ್ತಮೂರು ಜನರನ್ನು ಕಣ್ಣುಮುಚ್ಚಿ ಆರಿಸಿದರೆ ಅವರಲ್ಲಿ ಯಾರೋ ಇಬ್ಬರ ತಾರೀಖು ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ನಲವತ್ತು ಜನರಾದರೆ ನೂರಕ್ಕೆ 89. ನಂಬಿಕೆ ಬರದಿದ್ದರೆ ಜೋಡಿಗಳನ್ನು ಎಣಿಸಿ. ನಲವತ್ತು ಜನರಲ್ಲಿ 780 ಜೋಡಿಗಳಾಗುತ್ತವೆ, ಇರುವ ದಿನಗಳು ಮಾತ್ರ 365. ಸಾವಿರಾರು ಪ್ರಸಿದ್ಧರನ್ನು 365 ಹಾಳೆಗೆ ಹಂಚಿದ ಮೇಲೆ ಒಂದು ಹಾಳೆಯಲ್ಲಿ ಒಬ್ಬರೇ ಉಳಿದಿದ್ದರೆ ಅದಕ್ಕೆ ಕೆಂಪು ಚೌಕ ಹಾಕಬೇಕು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಕಾಗೆಗಳೇ ಸಾವಿರ, ಟೊಂಗೆ ಮುರಿಯದೆ ಇನ್ನೇನಾದೀತು?

ಈ ಲೆಕ್ಕವನ್ನು ತರಗತಿಯಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ತೋರಿಸಲು ಒಮ್ಮೆ ಹೋಗಿ ಪೇಚಿಗೆ ಸಿಕ್ಕಿಕೊಂಡಿದ್ದೆ. ಹುಟ್ಟಿದ ತಾರೀಖು ಓದುತ್ತಾ ಹೋದರೆ ಅರ್ಧ ತರಗತಿ ಜೂನ್ 1ಕ್ಕೇ ಹುಟ್ಟಿತ್ತು! ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಖು ನೆನಪಿರುವುದಿಲ್ಲ, ಮಾಸ್ತರ ಬರೆದದ್ದೇ ಜನ್ಮದಿನ. ನನ್ನದೂ ಜೂನ್ 1, ಅವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಜೋಳದ ಸುಗ್ಗಿಯಲ್ಲಿ. ಹುಟ್ಟಿದವರನ್ನು ಬಿಟ್ಟು ತೀರಿಕೊಂಡವರನ್ನೇ ಹಿಡಿದ ಈ ಪ್ರಕಾಶಕರು ಜಾಣರು ಎಂದು ನನಗೆ ಅನ್ನಿಸಿದ್ದು ಇದೇ ಕಾರಣಕ್ಕೆ. ಸಾವಿನ ತಾರೀಖನ್ನು ಯಾವ ಮಾಸ್ತರನೂ ಬರೆಯುವುದಿಲ್ಲ, ಅದಕ್ಕೆ ಊರೇ ಸಾಕ್ಷಿ. ಹಾಗೆಂದು ಮಾರ್ಚ್‌ವರೆಗೆ ನಂಬಿದ್ದೆ.

ಕೆಂಪು ಚೌಕಗಳಲ್ಲಿ ದೊಡ್ಡದು ಏಪ್ರಿಲ್ 23ರದು. ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್, ಇಬ್ಬರೂ 1616ರ ಏಪ್ರಿಲ್ 23ರಂದು, ಒಂದೇ ದಿನ, ಬಹುಶಃ ಒಂದೇ ಘಳಿಗೆಯಲ್ಲಿ ಎಂದು ಅಚ್ಚು ಹಾಕಿದ್ದಾರೆ. ಘಳಿಗೆಯೂ ಅಲ್ಲ, ದಿನವೂ ಅಲ್ಲ. ಸ್ಪೇನ್ 1582ರಲ್ಲಿಯೇ ಹೊಸ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗಿತ್ತು, ಇಂಗ್ಲೆಂಡ್ 1752ರವರೆಗೆ ಹಳೆಯ ಜೂಲಿಯನ್ನನ್ನೇ ಹಿಡಿದುಕೊಂಡು ಕೂತಿತ್ತು. 1616ರಲ್ಲಿ ಎರಡಕ್ಕೂ ಹತ್ತು ದಿನದ ಅಂತರ. ಲಂಡನ್ನಿನಲ್ಲಿ ಏಪ್ರಿಲ್ 23 ಆಗಿದ್ದಾಗ ಮ್ಯಾಡ್ರಿಡ್ಡಿನಲ್ಲಿ ಮೇ 3 ಬಂದಾಗಿತ್ತು. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ. ಯುನೆಸ್ಕೊ 1995ರಲ್ಲಿ ಈ ತಾರೀಖನ್ನು ವಿಶ್ವ ಪುಸ್ತಕ ದಿನವೆಂದು ಆರಿಸಿತು, ಅದಕ್ಕೆ ನನ್ನ ತಕರಾರಿಲ್ಲ, ಪುಸ್ತಕಕ್ಕೆ ಯಾವ ದಿನವಾದರೇನು. ಪಂಚಾಂಗ ಬದಲಾದ ಆ 1582ರದೇ ಒಂದು ಸಂಗತಿ ಇವರು ಅಚ್ಚು ಮಾಡಬಹುದಿತ್ತು. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಅಕ್ಟೋಬರ್ 4ರ ರಾತ್ರಿ. ಬೆಳಗಾದರೆ ಸ್ಪೇನಿನಲ್ಲಿ ಅಕ್ಟೋಬರ್ 15. ನಡುವಿನ ಹತ್ತು ದಿನ ಆ ದೇಶದ ಲೆಕ್ಕದಲ್ಲಿಯೇ ಇಲ್ಲ. ತೆರೇಸಾ ಅವರ ಹಬ್ಬವನ್ನು ಇವತ್ತಿಗೂ ಅಕ್ಟೋಬರ್ 15ಕ್ಕೆ ಮಾಡುತ್ತಾರೆ. ನನ್ನ ಕ್ಯಾಲೆಂಡರಿನಲ್ಲಿ 15 ಎರಡು ಸಲ ಬಂದದ್ದು ಆ ಬಾಕಿ ತೀರಿಸಲಿಕ್ಕೆ ಇರಬೇಕು.

ಏಪ್ರಿಲ್ 1ರ ಹಾಳೆ ಹರಿಯುವಾಗ ನನ್ನ ಕೈ ನಡುಗಿತು, ವಯಸ್ಸಿನಿಂದಲ್ಲ. ಅದರ ಮೇಲೆ ಒಂದು ನಗುವ ಮುಖದ ಚಿತ್ರ, 'ಮೂರ್ಖರ ದಿನ' ಎಂಬ ಶೀರ್ಷಿಕೆ, ಕೆಳಗೆ ಹೆಸರೇ ಇಲ್ಲ. ಹುಬ್ಬಳ್ಳಿಯಲ್ಲಿ ಮಾರುವ ಕ್ಯಾಲೆಂಡರ್ ಸ್ವಾಮಿ ಇದು! ಅಲ್ಲಿಂದ ಹಾವೇರಿ ಎಷ್ಟು ದೂರ? 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಿದ್ದರು. ಮೋಟೆಬೆನ್ನೂರಿನವರು. ಹದಿನೆಂಟನೆಯ ವಯಸ್ಸಿಗೆ ಗಾಂಧೀಜಿಯವರೊಂದಿಗೆ ದಾಂಡಿಗೆ ನಡೆದವರು. ಬ್ರಿಟಿಷ್ ಸರ್ಕಾರ ರೈತರಿಂದ ಕಿತ್ತ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ಜೊತೆಗೇ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಹೋದರು. ಒಂದೇ ತಾರೀಖು, ಒಂದೇ ವರ್ಷ, ಒಂದೇ ಊರು, ಒಂದೇ ಕಾರಣ. ಒಂದೇ ದಿನ ತೀರಿಕೊಂಡವರ ಕ್ಯಾಲೆಂಡರ್ ಎಂದರೆ ಮೊದಲು ಇರಬೇಕಾದ ಹಾಳೆಯೇ ಇದು. 1931ರ ಮಾರ್ಚ್ 23ಕ್ಕೆ ಭಗತ್ ಸಿಂಗ್, ರಾಜಗುರು, ಸುಖದೇವ್ ಮೂವರಿಗೂ ಚಿತ್ರ ಸಮೇತ ಪೂರ್ತಿ ಹಾಳೆ ಕೊಟ್ಟವರಿಗೆ ಒಂಬತ್ತು ದಿನದ ನಂತರ ನಮ್ಮ ಮೂವರು ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಇದಕ್ಕೇ ಹೇಳಿದ್ದು.

ಅಂದು ಅಡಿಕೆ ಪುಡಿ ಕಟ್ಟಲು ಆ ಹಾಳೆಯನ್ನು ನಾನೇ ಹೆಂಡತಿಗೆ ಕೊಟ್ಟೆ.

ಏಪ್ರಿಲ್ ತಿಂಗಳೇ ಇವರಿಗೆ ಆಗಿಬರಲಿಲ್ಲ. 12ರ ಹಾಳೆಯಲ್ಲಿ ಡಾ. ರಾಜ್‌ಕುಮಾರ್, 2006. ಜೊತೆಗೆ ಸರ್ ಎಂ. ವಿಶ್ವೇಶ್ವರಯ್ಯ, 1962. ಸರಿ ಎಂದುಕೊಂಡು ಎರಡು ದಿನ ಕಳೆದು 14ನ್ನು ನೋಡಿದರೆ ಮತ್ತೆ ವಿಶ್ವೇಶ್ವರಯ್ಯ, ಮತ್ತೆ 1962! ಪುಸ್ತಕಗಳಲ್ಲಿಯೂ ಎರಡೂ ತಾರೀಖು ಅಚ್ಚಾಗಿವೆ ಎಂಬುದು ನಿಜ. ಆದರೆ ಗಡಿಯಾರದ ಮುಳ್ಳಿನಂತೆ ನೂರು ವರ್ಷ ದಾಟಿ ಬದುಕಿದ ಮನುಷ್ಯನನ್ನು ಒಂದೇ ವಾರದಲ್ಲಿ ಎರಡು ಸಲ ಕಳಿಸಿಕೊಡುವುದು ಯಾವ ನ್ಯಾಯ?

ಶಿಶುನಾಳ ಶರೀಫರ ವಿಷಯದಲ್ಲಿ ಇದಕ್ಕಿಂತ ಸೊಗಸಾದ ತಪ್ಪಾಗಿದೆ. ಮಾರ್ಚ್ 7ರ ಹಾಳೆಯಲ್ಲಿ ಶರೀಫರ ಹೆಸರು, 1889. ನಮ್ಮ ಭಾಗದಲ್ಲಿ ಚಿಕ್ಕಂದಿನಿಂದ ಕೇಳಿದ್ದು ಜುಲೈ 3 ಎಂದು. 1819ರ ಜುಲೈ 3ಕ್ಕೆ ಹುಟ್ಟಿ, ಸರಿಯಾಗಿ ಎಪ್ಪತ್ತು ತುಂಬಿದ ದಿನವೇ ದೇಹ ಬಿಟ್ಟರು ಎಂದು ಹೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಪ್ರಶ್ನಾರ್ಥಕ ಹಾಕಿ ಬಿಟ್ಟಿದ್ದೆ. ಜುಲೈ 3 ಬಂತು, ಅಲ್ಲಿಯೂ ಶರೀಫರು! ಆಗ ಹೊಳೆಯಿತು. ಯಾರೋ 3-7-1889 ಎಂದು ನಮ್ಮ ರೀತಿಯಲ್ಲಿ ಬರೆದದ್ದನ್ನು ಇನ್ನಾರೋ ಅಮೆರಿಕದವರ ರೀತಿಯಲ್ಲಿ ತಿಂಗಳು ಮೊದಲು ಓದಿ ಮಾರ್ಚ್ 7 ಮಾಡಿದ್ದಾರೆ. ಇದು ನನ್ನ ಊಹೆ, ಆದರೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದವನ ಊಹೆ. ಹುಡುಗ ಎಲ್ಲಿ ಜಾರಿ ಬಿದ್ದ ಎಂಬುದು ಬಿದ್ದ ಗುರುತಿನಿಂದಲೇ ತಿಳಿಯುತ್ತದೆ.

ಮರುದಿನ ಜುಲೈ 4. ವರ್ಷದಲ್ಲಿ ಇಷ್ಟು ತುಂಬಿದ ದಿನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೆಂಪು ಚೌಕದಲ್ಲಿ ಅಮೆರಿಕದ ಅಧ್ಯಕ್ಷರು: ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್, ಇಬ್ಬರೂ 1826ರಲ್ಲಿ, ಅವರ ಸ್ವಾತಂತ್ರ್ಯ ಘೋಷಣೆಗೆ ಐವತ್ತು ತುಂಬಿದ ದಿನ. ಆಡಮ್ಸ್‌ಗೆ ತೊಂಬತ್ತು, ಜೆಫರ್ಸನ್‌ಗೆ ಎಂಬತ್ತಮೂರು. ಜೆಫರ್ಸನ್ ಕೆಲವು ತಾಸು ಮೊದಲೇ ಹೋಗಿದ್ದರು. ದೂರದ ಇನ್ನೊಂದು ಊರಿನಲ್ಲಿದ್ದ ಆಡಮ್ಸ್‌ಗೆ ಆ ಸುದ್ದಿ ಮುಟ್ಟಲೇ ಇಲ್ಲ. ಐದು ವರ್ಷದ ನಂತರ ಅದೇ ತಾರೀಖಿಗೆ ಜೇಮ್ಸ್ ಮನ್ರೋ. ಮೊದಲ ಐದು ಅಧ್ಯಕ್ಷರಲ್ಲಿ ಮೂವರು ಒಂದೇ ತಾರೀಖಿಗೆ! ಇಲ್ಲಿ ಮಾತ್ರ ಕೆಂಪು ಚೌಕವನ್ನು ನಾನು ಕ್ಷಮಿಸಿದೆ. ನನ್ನ 780 ಜೋಡಿಗಳ ಲೆಕ್ಕವೂ ಇದರ ಮುಂದೆ ಸ್ವಲ್ಪ ತಡವರಿಸುತ್ತದೆ. ಕೆಳಗೆ ಸ್ವಾಮಿ ವಿವೇಕಾನಂದರು, 1902, ಬೇಲೂರು ಮಠ, ಮೂವತ್ತೊಂಬತ್ತನೆಯ ವಯಸ್ಸು. ಮೇರಿ ಕ್ಯೂರಿ, 1934. ಅಷ್ಟಕ್ಕೆ ಹಾಳೆ ಮುಗಿದಿದೆ.

ಮುಗಿಯಬಾರದಿತ್ತು. 1963ರ ಜುಲೈ 4ಕ್ಕೆ ಹೋದವರು ಪಿಂಗಳಿ ವೆಂಕಯ್ಯ, ರಾಷ್ಟ್ರಧ್ವಜದ ಮೂಲ ವಿನ್ಯಾಸ ಮಾಡಿದವರು. ಅವರು ಕಲ್ಪಿಸಿದ ಧ್ವಜದ ಖಾದಿ ಬಟ್ಟೆ ನೇಯುವುದಕ್ಕೆ ಧಾರವಾಡದ ಪಕ್ಕದ ಗರಗ ಹೆಸರಾದರೆ, ಹೊಲಿಯುವುದಕ್ಕೆ ಹುಬ್ಬಳ್ಳಿಯ ಬೆಂಗೇರಿ ಹೆಸರಾಗಿದೆ. ಕ್ಯಾಲೆಂಡರ್ ಕೊಂಡ ಅಂಗಡಿಯಿಂದ ಬೆಂಗೇರಿಗೆ ಆಟೊ ಹಿಡಿದರೆ ಸಾಕು. 1971ರ ಜುಲೈ 4ಕ್ಕೆ ಹೋದವರು ಹುಯಿಲಗೋಳ ನಾರಾಯಣರಾಯರು, ನಮ್ಮ ಗದಗಿನ ವಕೀಲರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದವರು. ಮೂರು ಅಮೆರಿಕದವರಿಗೆ ಜಾಗ ಮಾಡಿದ ಕನ್ನಡ ಕ್ಯಾಲೆಂಡರಿನಲ್ಲಿ ಕನ್ನಡನಾಡು ಉದಯವಾಗಲಿ ಎಂದವರಿಗೆ ಒಂದು ಸಾಲು ಇಲ್ಲ. ಎರಡೂ ಹೆಸರನ್ನು ನಾನು ಖಾಲಿ ಜಾಗದಲ್ಲಿ ಬರೆದೆ. ಹಾಲಿನ ಲೆಕ್ಕಕ್ಕೆ ಅಂದು ಜಾಗ ಸಿಗಲಿಲ್ಲವೆಂದು ಮನೆಯಲ್ಲಿ ಆಕ್ಷೇಪ ಬಂತು.

ಇಷ್ಟೆಲ್ಲ ಬೈದವನು ಇನ್ನೊಂದು ಹಾಳೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಜುಲೈ 21.

ಆ ಹಾಳೆಯಲ್ಲಿ ಮೊದಲು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್, 1796. ಆಮೇಲೆ ಪಂಡಿತ್ ಬಸವರಾಜ ರಾಜಗುರು, 1991. ಶಿವಾಜಿ ಗಣೇಶನ್, 2001. ಗಂಗೂಬಾಯಿ ಹಾನಗಲ್, 2009, ಹುಬ್ಬಳ್ಳಿ, ತೊಂಬತ್ತಾರನೆಯ ವಯಸ್ಸು. ಬಸವರಾಜ ರಾಜಗುರು ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿ ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಬೆಳೆದವರು, ಗಂಗೂಬಾಯಿ ಧಾರವಾಡದಲ್ಲಿ ಹುಟ್ಟಿ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತವರು. ಹದಿನೆಂಟು ವರ್ಷದ ಅಂತರದಲ್ಲಿ ಒಂದೇ ತಾರೀಖು. ಇಲ್ಲಿ ಕೆಂಪು ಚೌಕ ಇಲ್ಲ, ವಿಧಿಯ ವಿಚಿತ್ರವೂ ಇಲ್ಲ. ಹೆಸರು, ಇಸವಿ, ಊರು, ಅಷ್ಟೇ. ಒಂದಕ್ಷರ ತಪ್ಪಿಲ್ಲ.

ಆ ಇಬ್ಬರ ನಡುವೆ ನನ್ನ ಅವ್ವ ಇದ್ದಾಳೆ. 2006ರ ಜುಲೈ 21, ಶುಕ್ರವಾರ, ಆಷಾಢ ಬಹುಳ ಏಕಾದಶಿ. ಅವ್ವನಿಗೆ ಓದು ಬರುತ್ತಿರಲಿಲ್ಲ, ಧಾರವಾಡ ಆಕಾಶವಾಣಿ ಬರುತ್ತಿತ್ತು. ರೊಟ್ಟಿ ಬಡಿಯುವಾಗ ರೇಡಿಯೊದಲ್ಲಿ ಗಂಗೂಬಾಯಿಯವರ ದನಿ ಬಂದರೆ ಬಡಿಯುವ ಕೈ ನಿಧಾನವಾಗುತ್ತಿತ್ತು, ರೊಟ್ಟಿ ದಪ್ಪವಾಗುತ್ತಿತ್ತು. ಅಪ್ಪ ದಪ್ಪ ರೊಟ್ಟಿ ಕಂಡರೆ "ಇವತ್ತು ಯಾರು ಹಾಡಿದರು?" ಎಂದು ಕೇಳುತ್ತಿದ್ದರು. ಅವ್ವ ಹೋದ ಮೂರು ವರ್ಷಕ್ಕೆ, ಅವಳ ತಾರೀಖಿನಂದೇ, ಗಂಗೂಬಾಯಿಯವರು ಹೋದ ಸುದ್ದಿ ಅದೇ ರೇಡಿಯೊದಲ್ಲಿ ಬಂತು.

ನಮ್ಮ ಮನೆಯಲ್ಲಿ ಅವ್ವನ ದಿನವನ್ನು ಮಾಡುವುದು ತಿಥಿಯ ಪ್ರಕಾರ. ತಾರೀಖು ಒಂದು ಕಡೆ ಹೋದರೆ ತಿಥಿ ಇನ್ನೊಂದು ಕಡೆ ಹೋಗುತ್ತದೆ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದೆ ಜಿಗಿಯುತ್ತದೆ. ಶಿರಡಿಯ ಸಾಯಿಬಾಬಾ ತೀರಿಕೊಂಡದ್ದು 1918ರ ಅಕ್ಟೋಬರ್ 15, ಅಂದು ವಿಜಯದಶಮಿ. ಕ್ಯಾಲೆಂಡರ್ ಅವರನ್ನು 15ಕ್ಕೆ ಹಾಕಿದೆ (ಎರಡು ಹಾಳೆಯಲ್ಲೂ), ಭಕ್ತರು 2025ರ ದಸರೆಯ ದಿನ, ಅಕ್ಟೋಬರ್ 2ಕ್ಕೇ ಆಚರಿಸಿದ್ದಾರೆ. ಆದರೆ ಹತ್ತೊಂಬತ್ತು ವರ್ಷಕ್ಕೊಮ್ಮೆ ಒಂದು ಸೊಗಸು ನಡೆಯುತ್ತದೆ. 19 ಸೌರವರ್ಷಗಳೂ 235 ಚಾಂದ್ರಮಾಸಗಳೂ ಎರಡು ತಾಸಿನ ವ್ಯತ್ಯಾಸದಲ್ಲಿ ಒಂದೇ ಅಳತೆಗೆ ಬರುತ್ತವೆ. ಸೂರ್ಯ ಚಂದ್ರರ ಲೆಕ್ಕ ಚುಕ್ತಾ ಆಗಿ ತಾರೀಖು, ತಿಥಿ ಮತ್ತೆ ಕೂಡುತ್ತವೆ. 2006ಕ್ಕೆ 19 ಸೇರಿಸಿದರೆ 2025.

ಜುಲೈ 21ರ ಬೆಳಿಗ್ಗೆ ಹಾಳೆ ನೋಡಿದೆ. ಮೇಲೆ ಬಲಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಆಷಾಢ ಬಹುಳ ಏಕಾದಶಿ ಎಂದಿತ್ತು. ಹೊಸ ಕನ್ನಡಕ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ಹೆಸರುಗಳ ಕೆಳಗೆ, ಗಂಗೂಬಾಯಿಯವರ ಸಾಲಿಗೆ ಅಂಟಿಕೊಂಡ ಹಾಗೆ, ಅವ್ವನ ಹೆಸರು ಬರೆದೆ, 2006 ಎಂದು ಇಸವಿ ಹಾಕಿದೆ. ಹೆಂಡತಿ ಪೆನ್ನು ಹಿಡಿದು ಬಂದವಳು ನೋಡಿ, ಅಂದಿನ ಹಾಲನ್ನು ಅಡುಗೆಮನೆಯ ಗೋಡೆಯ ಮೇಲೆ ಗುರುತು ಹಾಕಿದಳು.

ಉಳಿದ ತಿಂಗಳುಗಳನ್ನು ಬೇಗ ಮುಗಿಸುತ್ತೇನೆ. ಸೆಪ್ಟೆಂಬರ್ 12ಕ್ಕೆ ಸವಾಯಿ ಗಂಧರ್ವರು, 1952, ಮತ್ತು ಮಲ್ಲಿಕಾರ್ಜುನ ಮನಸೂರರು, 1992. ಸರಿಯಾಗಿ ನಲವತ್ತು ವರ್ಷ. ಮನಸೂರರ ಹೆಸರು ಸರಿಯಾಗಿದೆ, ಸವಾಯಿ ಗಂಧರ್ವರ ಊರನ್ನು ಮಾತ್ರ 'ಕುಂದಾಪುರ' ಮಾಡಿದ್ದಾರೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಕೂತು ಸಂಗೀತ ಕೇಳಿದವರು ಯಾರೂ ಈ ಹಾಳೆಯ ಕರಡು ತಿದ್ದಿಲ್ಲ ಎಂಬುದು ಖಚಿತ. ಸೆಪ್ಟೆಂಬರ್ 17ಕ್ಕೆ ಪುಟ್ಟರಾಜ ಗವಾಯಿಗಳು, 2010. ಅಂದು ಗದಗಿನಲ್ಲಿ ಸೇರಿದ್ದ ಜನಸಾಗರದಲ್ಲಿ ನಾನೂ ಒಂದು ಹನಿ, ಅದಕ್ಕೆ ಕ್ಯಾಲೆಂಡರ್ ಬೇಕಿಲ್ಲ. ನವೆಂಬರ್ 22ಕ್ಕೆ ಕೆನಡಿ ಒಬ್ಬರೇ. ಅದೇ 1963ರ ಅದೇ ದಿನ ಹೋದ ಸಾಹಿತಿಗಳಾದ ಆಲ್ಡಸ್ ಹಕ್ಸ್‌ಲಿ, ಸಿ. ಎಸ್. ಲೂಯಿಸ್ ಇಬ್ಬರೂ ಇಲ್ಲ. ಅಂದಿನ ಪತ್ರಿಕೆಗಳೂ ಅವರನ್ನು ಮರೆತಿದ್ದವು, ಇವರೊಬ್ಬರನ್ನೇ ದೂರಿ ಏನು ಪ್ರಯೋಜನ. ಡಿಸೆಂಬರ್ 25ಕ್ಕೆ ರಾಜಾಜಿ, 1972, ಮತ್ತು ಚಾರ್ಲಿ ಚಾಪ್ಲಿನ್, 1977, ಅಕ್ಕಪಕ್ಕ. ಇಬ್ಬರಿಗೂ ಒಂದೇ ಅಳತೆಯ ಚಿತ್ರ. ಒಬ್ಬರು ಕಪ್ಪು ಕನ್ನಡಕದಲ್ಲಿ, ಒಬ್ಬರು ಕಪ್ಪು ಮೀಸೆಯಲ್ಲಿ.

ನವೆಂಬರಿನಲ್ಲಿ ನನ್ನ ನೋಟ್‌ಬುಕ್ಕಿನ ತಪ್ಪುಗಳನ್ನೆಲ್ಲ ದುಂಡಗೆ ಬರೆದು ಪ್ರಕಾಶಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆ. ಮೂವತ್ತೊಂದು ತಿದ್ದುಪಡಿ, ನಾಲ್ಕು ಹಾಳೆ. ಉತ್ತರ ಬರಲಿಲ್ಲ. ಕಳೆದ ವಾರ ಹುಬ್ಬಳ್ಳಿಗೆ ಹೋದಾಗ ಅದೇ ಅಂಗಡಿಯಲ್ಲಿ 2026ರದು ಬಂದಿತ್ತು. ಬೆಲೆ 260 ಆಗಿದೆ, ತಗಡಿನ ಪಟ್ಟಿಯ ಬದಲು ಸುರುಳಿ ತಂತಿ ಹಾಕಿದ್ದಾರೆ, ಅದು ನಿಜಕ್ಕೂ ಒಳ್ಳೆಯ ಬದಲಾವಣೆ. ನಿಂತಲ್ಲೇ ಏಪ್ರಿಲ್ 1 ತೆಗೆದೆ. ಅದೇ ನಗುವ ಮುಖ. ವಿಶ್ವೇಶ್ವರಯ್ಯನವರು 12ಕ್ಕೂ ಇದ್ದಾರೆ, 14ಕ್ಕೂ ಇದ್ದಾರೆ. ಅಕ್ಟೋಬರ್ 16 ಮಾತ್ರ ಬಂದಿದೆ, ಮೇರಿ ಆಂಟೊನೆಟ್ ಸಿಕ್ಕಿಬಿದ್ದಳು.

ಎರಡು ಕೊಂಡೆ. ಯಜಮಾನರು ಈ ಸಲ ಏನೂ ಕೇಳಲಿಲ್ಲ, ಇಳಿಸಲೂ ಇಲ್ಲ.

ಒಂದು ನಮ್ಮ ಗೋಡೆಗೆ. ಇನ್ನೊಂದು ಮೊಮ್ಮಗಳ ಶಾಲೆಗೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ನನ್ನ ಹಳೆಯ ವಿದ್ಯಾರ್ಥಿನಿ, "ಸರ್, ಮಕ್ಕಳ ಕೈಗೆ ಹೋಗುವ ಮೊದಲು ನೀವೇ ಒಮ್ಮೆ ತಿದ್ದಿಕೊಡಿ" ಎಂದಿದ್ದಾರೆ. ಸಂಜೆ ಊಟಕ್ಕೆ ಮೊದಲು ಒಂದು ತಾಸು ಕೂರುತ್ತೇನೆ. ತಪ್ಪಿಗೆ ಕೆಂಪು ಗೀಟು, ಸೇರ್ಪಡೆಗೆ ನೀಲಿ. ಆರ್ವಿಲ್ ರೈಟ್ ಸೇರಿದ್ದಾರೆ. ಫೆಬ್ರವರಿ ಪೂರ್ತಿ ಆಯಿತು. ಈಗ ಮಾರ್ಚ್ 7ಕ್ಕೆ ಬಂದು ನಿಂತಿದ್ದೇನೆ, ಎರಡು ದಿನದಿಂದ. ಲೆಕ್ಕದ ಪ್ರಕಾರ ಇಲ್ಲಿ ಗೀಟು ಬೀಳಬೇಕು. ಶರೀಫರ ಹೆಸರಿನ ಮೇಲೆ ಕೆಂಪು ಪೆನ್ನು ಎತ್ತುತ್ತೇನೆ, ಇಳಿಸುತ್ತೇನೆ.